ಪರದೆಯಿಂದ ಮರೆಯಾದ ಚಿಹ್ನೆಗಳು: ಹಳೆಯ ಗಣಕಯಂತ್ರದ ಒಂದು ಸಮಸ್ಯೆ ಮತ್ತು ಅದರ ಶೋಧನಕ್ರಮ

೧

ಇತಿಹಾಸದ ಅಧ್ಯಾಪಕನೊಬ್ಬನು ಗಣಕಯಂತ್ರದ ದೋಷವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಆದರೆ ನಮ್ಮ ಕಾಲೇಜುಗಳಲ್ಲಿ ನಡೆಯುವ ಸಂಶೋಧನೆಯ ಫಲವು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮುನ್ನವೇ ಈ ಯಂತ್ರದಲ್ಲಿ ಶೇಖರವಾಗಿರುತ್ತದೆ. ಶಾಸನಪಾಠಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಪ್ರಬಂಧಗಳ ಕರಡುಗಳು ಎಲ್ಲವೂ ಅಲ್ಲಿಯೇ ಇರುತ್ತವೆ. ಅದರಲ್ಲಿಯೂ ಹಳೆಯ ಯಂತ್ರವೊಂದನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡಿರುವ ವಿಭಾಗಗಳುಂಟು. ಯೂನಿಕೋಡ್ ಪದ್ಧತಿ ಬಳಕೆಗೆ ಬರುವುದಕ್ಕೆ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯಗಳು, ಆ ಫಾಂಟುಗಳಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತವೆಂಬುದೇ ಇದಕ್ಕೆ ಮುಖ್ಯ ಕಾರಣ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ನಡೆದ ಒಂದು ಪ್ರಸಂಗವೇ ಈ ಲೇಖನಕ್ಕೆ ಪ್ರೇರಣೆ. ಸಂಶೋಧನ ವಿದ್ಯಾರ್ಥಿಯೊಬ್ಬರು ನಾಲ್ಕು ವರ್ಷಗಳ ಕಾಲ ಪಡಿಯಚ್ಚುಗಳಿಂದ ಓದಿ ಸಿದ್ಧಪಡಿಸಿದ ಶಾಸನಪಾಠಗಳನ್ನು ವಿಭಾಗದ ಹಳೆಯ ಗಣಕಯಂತ್ರದ ಡೆಸ್ಕ್‌ಟಾಪಿನ ಮೇಲೆಯೇ ಇಟ್ಟಿದ್ದರು. ಹಿಂದಿನ ಸಂಜೆ ಕೆಲಸದ ನಡುವೆ ವಿದ್ಯುತ್ತು ನಿಂತುಹೋಗಿತ್ತು. ಮರುದಿನ ಬೆಳಗ್ಗೆ ಯಂತ್ರವನ್ನು ಚಾಲೂ ಮಾಡಿ ನೋಡಿದರೆ ಪರದೆ ಬರಿದಾಗಿದೆ. ಅವರ ಫೋಲ್ಡರುಗಳಲ್ಲಿ ಒಂದೂ ಕಾಣದು. ಪರಿಶೀಲಿಸಲು ಬಂದ ದುರಸ್ತಿಗಾರರು ಕ್ಷಣಕಾಲ ನೋಡಿ, "ಎಲ್ಲ ಹೋಗಿದೆ ಸರ್, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡೋಣ" ಎಂದರು. ಆ ಸಲಹೆಯನ್ನು ಆಗಲೇ ಒಪ್ಪಿದ್ದರೆ ನಾಲ್ಕು ವರ್ಷಗಳ ದುಡಿಮೆ ನಿಜವಾಗಿಯೂ ನಾಶವಾಗುತ್ತಿತ್ತು. ಏಕೆಂದರೆ ಆ ಘಳಿಗೆಯಲ್ಲಿ ಏನೂ ಹೋಗಿರಲಿಲ್ಲ.

ಇಂಥ ಸಂದರ್ಭದಲ್ಲಿ ಗಾಬರಿಗೆ ಎಡೆಗೊಡದೆ ಯಾವ ಕ್ರಮದಿಂದ ಶೋಧಿಸತಕ್ಕದ್ದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಹೇಳುವ ವಿಷಯ ಮುಖ್ಯವಾಗಿ ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ ೭ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳಿಗೆ ಅನ್ವಯಿಸುತ್ತದೆ. ಮೊದಲನೆಯದು ೨೦೦೧ರಲ್ಲಿಯೂ ಎರಡನೆಯದು ೨೦೦೯ರಲ್ಲಿಯೂ ಬಳಕೆಗೆ ಬಂದವು.

೨

ಮೊದಲು 'ಐಕನ್' ಎಂದರೇನು ಎಂಬುದನ್ನು ವಿಚಾರಮಾಡೋಣ. ಗಣಕಯಂತ್ರದ ಪರದೆಯ ಮೇಲಿನ ಚಿತ್ರಸಂಕೇತಕ್ಕೆ ಈ ಹೆಸರನ್ನು ಬಳಕೆಗೆ ತಂದವನು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ೧೯೭೫ರಲ್ಲಿ ಆತನು ಬರೆದ ಡಾಕ್ಟರೇಟ್ ಪ್ರಬಂಧದಲ್ಲಿ ಈ ಕಲ್ಪನೆಯಿದೆ. ೧೯೮೧ರಲ್ಲಿ ಜೆರಾಕ್ಸ್ ಸಂಸ್ಥೆಯು ಮಾರುಕಟ್ಟೆಗೆ ತಂದ ಸ್ಟಾರ್ ಎಂಬ ಯಂತ್ರದಲ್ಲಿ ಕಚೇರಿಯ ಮೇಜೇ ಪರದೆಯ ಮಾದರಿಯಾಯಿತು. ಮೇಜಿನ ಮೇಲೆ ಕಾಗದಗಳು, ಕಡತಗಳು ಹೇಗೆ ಹರಡಿರುವುವೋ ಹಾಗೆ ಪರದೆಯ ಮೇಲೆ ಅವುಗಳ ಚಿಕ್ಕ ಚಿತ್ರಗಳು ಕಂಡುಬಂದವು. ೧೯೮೪ರ ಮ್ಯಾಕಿಂಟಾಷ್ ಯಂತ್ರದಿಂದ ಈ ಪದ್ಧತಿ ಜನಪ್ರಿಯವಾಯಿತು. ೧೯೯೫ರಲ್ಲಿ ಬಂದ ವಿಂಡೋಸ್ ೯೫ರ ಮೂಲಕ ಇಂದು ನಮಗೆ ಪರಿಚಿತವಾದ ಡೆಸ್ಕ್‌ಟಾಪ್ ರೂಪುಗೊಂಡಿತು.

ಮೇಜಿನ ಈ ಉಪಮೆಯಿಂದ ಎಷ್ಟು ಅನುಕೂಲವಾಯಿತೋ ಅಷ್ಟೇ ಒಂದು ಭ್ರಾಂತಿಯೂ ಬೆಳೆಯಿತು. ನಿಜವಾದ ಮೇಜಿನ ಮೇಲೆ ಕಾಗದ ಕಾಣದಿದ್ದರೆ ಕಾಗದ ಅಲ್ಲಿಲ್ಲವೆಂದೇ ಅರ್ಥ. ಪರದೆಯ ವಿಷಯ ಹಾಗಲ್ಲ. ಅಲ್ಲಿರುವುದು ವಸ್ತುವಲ್ಲ, ವಸ್ತುವನ್ನು ಸೂಚಿಸುವ ಗುರುತು ಮಾತ್ರ.

ಶಾಸನಗಳ ವ್ಯಾಸಂಗ ಮಾಡುವವರಿಗೆ ಈ ಭೇದವನ್ನು ತಿಳಿಯುವುದು ಕಷ್ಟವಲ್ಲ. ಬಿ. ಎಲ್. ರೈಸ್ ಅವರು ೧೮೮೬ರಿಂದ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಿಂದ ಗುರುತಿಸುವ ಪದ್ಧತಿಯಿದೆ. ಸಂಪುಟದ ಹಾಳೆ ಹರಿದುಹೋದರೆ ಊರಿನ ಕಲ್ಲಿಗೆ ಏನೂ ಆಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಸಂಪುಟದಲ್ಲಿ ಸಂಖ್ಯೆ ಭದ್ರವಾಗಿದ್ದು, ಊರಿಗೆ ಹೋಗಿ ನೋಡಿದರೆ ಕಲ್ಲೇ ಇಲ್ಲದಿರುವ ಸಂದರ್ಭವೂ ಉಂಟು. ಗುರುತು ಇಲ್ಲದ ಮಾತ್ರಕ್ಕೆ ವಸ್ತು ಇಲ್ಲವೆಂದಲ್ಲ. ಗುರುತು ಇದ್ದ ಮಾತ್ರಕ್ಕೆ ವಸ್ತು ಇದೆಯೆಂದೂ ಅಲ್ಲ. ಮುಂದಿನ ವಿವೇಚನೆಗೆಲ್ಲ ಇದೇ ಆಧಾರ.

ಡೆಸ್ಕ್‌ಟಾಪಿನ ಐಕನ್‌ಗಳಲ್ಲಿ ಮೂರು ವರ್ಗಗಳನ್ನು ಎಣಿಸಬಹುದು. ಒಂದು, ವ್ಯವಸ್ಥೆಯೇ ಒದಗಿಸುವ ಮೈ ಕಂಪ್ಯೂಟರ್, ರೀಸೈಕಲ್ ಬಿನ್ ಮೊದಲಾದವು. ಎರಡು, ಶಾರ್ಟ್‌ಕಟ್‌ಗಳು, ಇವು ಬೇರೆಡೆಯಲ್ಲಿರುವ ಕಡತವನ್ನೋ ತಂತ್ರಾಂಶವನ್ನೋ ತೋರಿಸುವ ಕೈಮರಗಳು, ಎಡಗಡೆಯ ಕೆಳಮೂಲೆಯಲ್ಲಿ ಚಿಕ್ಕ ಬಾಣದ ಗುರುತಿರುವುದರಿಂದ ಇವನ್ನು ಗುರುತಿಸಬಹುದು. ಮೂರು, ಡೆಸ್ಕ್‌ಟಾಪಿನಲ್ಲಿಯೇ ಉಳಿಸಿದ ನಿಜವಾದ ಕಡತ ಮತ್ತು ಫೋಲ್ಡರುಗಳು. ಮೊದಲೆರಡು ವರ್ಗದವು ಹೋದರೆ ಮತ್ತೆ ಮಾಡಿಕೊಳ್ಳಬಹುದು. ನಮ್ಮ ಆತಂಕಕ್ಕೆ ಕಾರಣವಾಗಬೇಕಾದದ್ದು ಮೂರನೆಯ ವರ್ಗ ಮಾತ್ರ.

೩

ಪರದೆಯ ಮೇಲೆ ಈ ಚಿತ್ರಗಳು ಮೂಡುವ ಬಗೆ ಹೇಗೆ? ಡೆಸ್ಕ್‌ಟಾಪ್ ಎಂಬುದು ಹಾರ್ಡ್ ಡಿಸ್ಕಿನಲ್ಲಿರುವ ಒಂದು ಸಾಮಾನ್ಯ ಫೋಲ್ಡರ್. ವಿಂಡೋಸ್ ೭ರಲ್ಲಿ ಅದು ಸಿ ಡ್ರೈವಿನ ಯೂಸರ್ಸ್ ಎಂಬ ಫೋಲ್ಡರಿನೊಳಗೆ, ಬಳಕೆದಾರನ ಹೆಸರಿನ ಫೋಲ್ಡರಿನೊಳಗೆ ಇರುತ್ತದೆ. ಎಕ್ಸ್‌ಪಿಯಲ್ಲಿ ಯೂಸರ್ಸ್ ಎಂಬುದರ ಬದಲು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಎಂಬ ಹೆಸರಿದೆ. ಇದಲ್ಲದೆ ಎಲ್ಲ ಬಳಕೆದಾರರಿಗೂ ಸಮಾನವಾದ ಇನ್ನೊಂದು ಡೆಸ್ಕ್‌ಟಾಪ್ ಫೋಲ್ಡರೂ ಉಂಟು. ಎಕ್ಸ್‌ಪ್ಲೋರರ್ ಎಂಬ ಕ್ರಮವಿಧಿಯು ಈ ಎರಡನ್ನೂ ಓದಿ, ವ್ಯವಸ್ಥೆಯ ಐಕನ್‌ಗಳನ್ನು ಜೊತೆಗೂಡಿಸಿ, ಎಲ್ಲವನ್ನೂ ಪರದೆಯ ಮೇಲೆ ಬರೆಯುತ್ತದೆ. ಪರದೆಯ ಕೆಳಗಿನ ಟಾಸ್ಕ್‌ಬಾರನ್ನು ತೋರಿಸುವುದೂ ಇದೇ ಎಕ್ಸ್‌ಪ್ಲೋರರ್.

ಆದುದರಿಂದ ಐಕನ್ ಕಾಣದಿದ್ದಾಗ ದೋಷವು ಐದು ಕಡೆಗಳಲ್ಲಿ ಒಂದರಲ್ಲಿರಬೇಕು: ತೋರಿಸಬೇಡವೆಂಬ ಆಜ್ಞೆ ಇರಬಹುದು; ಬರೆಯುವ ಎಕ್ಸ್‌ಪ್ಲೋರರ್ ನಿಂತಿರಬಹುದು; ಅದು ಬೇರೆ ಯಾವುದೋ ಫೋಲ್ಡರನ್ನು ಓದುತ್ತಿರಬಹುದು; ಕಡತಗಳು ಮರೆಮಾಡಲ್ಪಟ್ಟಿರಬಹುದು; ಅಥವಾ ಕೊನೆಯದಾಗಿ, ಅವು ನಿಜವಾಗಿಯೂ ಅಳಿದಿರಬಹುದು. ನಾಲ್ಕರಲ್ಲಿ ವಸ್ತು ಸುರಕ್ಷಿತವಾಗಿದೆ, ಒಂದರಲ್ಲಿ ಮಾತ್ರ ಇಲ್ಲ. ಗಾಬರಿಗೊಂಡವನು ಐದನೆಯದನ್ನೇ ಮೊದಲು ನಂಬುತ್ತಾನೆ.

ಏನನ್ನಾದರೂ ಬದಲಾಯಿಸುವ ಮುನ್ನ ವಸ್ತು ಇದೆಯೇ ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯನ್ನೂ 'ಇ' ಅಕ್ಷರವನ್ನೂ ಕೂಡಿಸಿ ಒತ್ತಿದರೆ ಕಡತಗಳ ಕಿಟಕಿ ತೆರೆಯುತ್ತದೆ. ಅದರಿಂದ ಸಿ ಡ್ರೈವಿಗೆ ಹೋಗಿ, ಮೇಲೆ ಹೇಳಿದ ಮಾರ್ಗವಾಗಿ ಡೆಸ್ಕ್‌ಟಾಪ್ ಫೋಲ್ಡರನ್ನು ತೆರೆಯಬೇಕು. ಕಡತಗಳು ಅಲ್ಲಿ ಕಂಡರೆ ಕೂಡಲೇ ಅವುಗಳ ಪ್ರತಿಯನ್ನು ಪೆನ್‌ಡ್ರೈವಿಗೆ ಮಾಡಿಕೊಳ್ಳಬೇಕು. ದುರಸ್ತಿಯ ಮಾತು ಆಮೇಲೆ.

೪

ಇನ್ನು ಒಂದೊಂದು ಲಕ್ಷಣವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬಹುದು.

ಐಕನ್‌ಗಳೆಲ್ಲ ಮಾಯವಾಗಿದ್ದು ಟಾಸ್ಕ್‌ಬಾರ್ ಮಾತ್ರ ಎಂದಿನಂತಿದ್ದರೆ, ತೋರಿಸಬೇಡವೆಂಬ ಆಜ್ಞೆಯನ್ನು ಮೊದಲು ಶಂಕಿಸಬೇಕು. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ವಿಂಡೋಸ್ ೭ರಲ್ಲಿ ವ್ಯೂ ಎಂಬುದರ ಕೆಳಗೂ, ಎಕ್ಸ್‌ಪಿಯಲ್ಲಿ ಅರೇಂಜ್ ಐಕನ್ಸ್ ಬೈ ಎಂಬುದರ ಕೆಳಗೂ 'ಶೋ ಡೆಸ್ಕ್‌ಟಾಪ್ ಐಕನ್ಸ್' ಎಂಬ ಸಾಲಿದೆ. ಅದರ ಮುಂದೆ ಸರಿಯ ಗುರುತು ಇಲ್ಲದಿದ್ದರೆ ಅದನ್ನು ಒತ್ತಿದರಾಯಿತು, ಚಿತ್ರಗಳೆಲ್ಲ ಮರಳುತ್ತವೆ. ಅನೇಕರು ಬಳಸುವ ಯಂತ್ರದಲ್ಲಿ ಯಾರೋ ಅರಿಯದೆ ಈ ಸಾಲನ್ನು ಒತ್ತಿರುವುದು ಅಪರೂಪವಲ್ಲ. ಬಲಗುಂಡಿಗೆ ಡೆಸ್ಕ್‌ಟಾಪ್ ಪ್ರತಿಕ್ರಿಯಿಸದಿದ್ದರೆ ವ್ಯವಸ್ಥಾಪಕರು ನಿಯಮದ ಮೂಲಕ ಡೆಸ್ಕ್‌ಟಾಪನ್ನೇ ಮರೆಮಾಡಿರಬಹುದು. ಪ್ರಯೋಗಾಲಯದ ಯಂತ್ರಗಳಲ್ಲಿ ಇಂಥ ನಿರ್ಬಂಧಗಳುಂಟು. ಅವರನ್ನೇ ಕೇಳುವುದು ಲೇಸು.

ಟಾಸ್ಕ್‌ಬಾರೂ ಇಲ್ಲದೆ ಕೇವಲ ಹಿನ್ನೆಲೆಯ ಬಣ್ಣವೋ ಚಿತ್ರವೋ ಉಳಿದಿದ್ದರೆ, ಎಕ್ಸ್‌ಪ್ಲೋರರ್ ನಿಂತಿದೆಯೆಂದು ತಿಳಿಯಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಫೈಲ್ ಪಟ್ಟಿಯಲ್ಲಿ ನ್ಯೂ ಟಾಸ್ಕ್ ಎಂಬುದನ್ನು ಆರಿಸಿ, ಎಕ್ಸ್‌ಪ್ಲೋರರ್ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿ ಎಂಟರ್ ಒತ್ತಬೇಕು. ಬಹುತೇಕ ಕೆಲವು ಕ್ಷಣಗಳಲ್ಲಿ ಎಲ್ಲವೂ ಮರಳುತ್ತದೆ. ಪ್ರತಿಸಲವೂ ಹೀಗೆಯೇ ಆಗುತ್ತಿದ್ದರೆ, ವ್ಯವಸ್ಥೆಯ ಕಡತವೊಂದು ಕೆಟ್ಟಿರಬಹುದು ಅಥವಾ ದುಷ್ಟ ತಂತ್ರಾಂಶವೊಂದು ಒಳಹೊಕ್ಕಿರಬಹುದು. ಆಗ ಯಂತ್ರ ಆರಂಭವಾಗುವಾಗ ಎಫ್ ೮ ಕೀಲಿಯನ್ನು ಒತ್ತಿ ಸೇಫ್ ಮೋಡಿಗೆ ಹೋಗಿ, ಸಿಸ್ಟಂ ರಿಸ್ಟೋರ್ ಮೂಲಕ ಹಿಂದಿನ ದಿನಾಂಕದ ಸ್ಥಿತಿಗೆ ಮರಳಿಸಬಹುದು.

ಎಲ್ಲವೂ ಹೋಗದೆ ಕೆಲವು ಮಾತ್ರ ಹೋಗಿದ್ದರೆ ಕಾರಣ ಬೇರೆ. ಎಕ್ಸ್‌ಪಿಯಲ್ಲಿ ಡೆಸ್ಕ್‌ಟಾಪ್ ಕ್ಲೀನಪ್ ವಿಝರ್ಡ್ ಎಂಬ ಸೌಲಭ್ಯವಿದೆ. ಅದು ೬೦ ದಿನಗಳಿಗೊಮ್ಮೆ ಕಾಣಿಸಿಕೊಂಡು, ಬಳಸದಿರುವ ಶಾರ್ಟ್‌ಕಟ್‌ಗಳನ್ನು ಒಂದೆಡೆ ಸೇರಿಸಲು ಅನುಮತಿ ಕೇಳುತ್ತದೆ. ಅನುಮತಿ ಕೊಟ್ಟವರು ಅದನ್ನು ಮರೆತುಬಿಡುವುದುಂಟು. ಆ ಶಾರ್ಟ್‌ಕಟ್‌ಗಳು 'ಅನ್‌ಯೂಸ್ಡ್ ಡೆಸ್ಕ್‌ಟಾಪ್ ಶಾರ್ಟ್‌ಕಟ್ಸ್' ಎಂಬ ಫೋಲ್ಡರಿನಲ್ಲಿ ಡೆಸ್ಕ್‌ಟಾಪಿನ ಮೇಲೆಯೇ ಇರುತ್ತವೆ. ವಿಂಡೋಸ್ ೭ರಲ್ಲಿ ವಾರಕ್ಕೊಮ್ಮೆ ತಾನಾಗಿ ನಡೆಯುವ ನಿರ್ವಹಣಾಕಾರ್ಯ ಇದಕ್ಕಿಂತ ಕಠಿಣ. ಗುರಿಯಿಲ್ಲದ ಶಾರ್ಟ್‌ಕಟ್‌ಗಳು ನಾಲ್ಕಕ್ಕಿಂತ ಹೆಚ್ಚಾಗಿ ಕಂಡರೆ ಅದು ಅವುಗಳನ್ನು ತೆಗೆದುಹಾಕುತ್ತದೆ. ಪೆನ್‌ಡ್ರೈವನ್ನೋ ಜಾಲದ ಬೇರೊಂದು ಯಂತ್ರವನ್ನೋ ತೋರಿಸುವ ಶಾರ್ಟ್‌ಕಟ್‌ಗಳು, ಆ ಸಂಪರ್ಕವಿಲ್ಲದ ವೇಳೆಯಲ್ಲಿ ಗುರಿಯಿಲ್ಲದವೆಂದೇ ಗಣಿಸಲ್ಪಡುವುದರಿಂದ, ಅಂಥವು ಅನ್ಯಾಯವಾಗಿ ತೆಗೆದುಹಾಕಲ್ಪಡುತ್ತವೆ. ಕಂಟ್ರೋಲ್ ಪ್ಯಾನೆಲಿನ ಟ್ರಬಲ್‌ಶೂಟಿಂಗ್ ವಿಭಾಗದಲ್ಲಿ ಕಂಪ್ಯೂಟರ್ ಮೇಂಟೆನೆನ್ಸ್ ಎಂಬುದನ್ನು ನಿಲ್ಲಿಸಿದರೆ ಇದು ಮರುಕಳಿಸದು. ಎರಡು ಸಂದರ್ಭಗಳಲ್ಲಿಯೂ ಹೋದದ್ದು ಕೈಮರವೇ ಹೊರತು ಊರಲ್ಲ.

ಐಕನ್‌ಗಳು ತಮ್ಮ ಸ್ಥಳದಲ್ಲಿದ್ದೂ ಅವುಗಳ ಚಿತ್ರ ಮಾತ್ರ ಬಿಳಿಯ ಹಾಳೆಯಂತೆ ಕಂಡರೆ ಐಕನ್ ಕ್ಯಾಷ್ ಕೆಟ್ಟಿರಬಹುದು. ಪದೇಪದೇ ಚಿತ್ರಗಳನ್ನು ಹುಡುಕುವ ಶ್ರಮ ತಪ್ಪಿಸಲು ಯಂತ್ರವು ಅವುಗಳ ನಕಲುಗಳನ್ನು ಐಕನ್‌ಕ್ಯಾಷ್ ಎಂಬ ಮರೆಯಾದ ಕಡತವೊಂದರಲ್ಲಿ ಸಂಗ್ರಹಿಸಿಟ್ಟಿರುತ್ತದೆ. ಅದನ್ನು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಹೊಸ ಸಂಗ್ರಹ ತಾನಾಗಿ ಸಿದ್ಧವಾಗುತ್ತದೆ. ನಮ್ಮ ಕಡತಗಳಿಗೆ ಇದರಿಂದ ಯಾವ ಬಾಧೆಯೂ ಇಲ್ಲ.

ಕಡತಗಳೂ ಫೋಲ್ಡರುಗಳೂ ಎಲ್ಲೆಡೆ ಒಮ್ಮೆಗೇ ಕಾಣದಂತಾಗಿ, ಹಾರ್ಡ್ ಡಿಸ್ಕ್ ಕೆಟ್ಟಿದೆಯೆಂದೂ ಹಣ ಕೊಟ್ಟರೆ ಸರಿಪಡಿಸುವೆವೆಂದೂ ಸಾರುವ ಕಿಟಕಿ ಮೂಡಿದರೆ, ಅದು ವಂಚನೆ. ೨೦೧೧ರ ಸುಮಾರಿನಲ್ಲಿ ಈ ಜಾತಿಯ ದುಷ್ಟ ತಂತ್ರಾಂಶಗಳು ಬಹಳವಾಗಿ ಹಬ್ಬಿದ್ದವು. ಅವು ಕಡತಗಳನ್ನು ಅಳಿಸುತ್ತಿರಲಿಲ್ಲ. ಪ್ರತಿಯೊಂದಕ್ಕೂ 'ಹಿಡನ್' ಎಂಬ ಗುಣವನ್ನು ಅಂಟಿಸಿ ಕಣ್ಮರೆ ಮಾಡುತ್ತಿದ್ದವು. ಫೋಲ್ಡರ್ ಆಪ್ಷನ್ಸ್ ಎಂಬಲ್ಲಿ ಮರೆಯಾದ ಕಡತಗಳನ್ನು ತೋರಿಸುವಂತೆ ಸೂಚಿಸಿದರೆ ಅವು ಮಸುಕು ಬಣ್ಣದಲ್ಲಿ ಗೋಚರಿಸುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ತಂತ್ರಾಂಶಗಳು ಶಾರ್ಟ್‌ಕಟ್‌ಗಳನ್ನು ತಾತ್ಕಾಲಿಕ ಕಡತಗಳ ಫೋಲ್ಡರಿಗೆ ಸಾಗಿಸಿ ಬಚ್ಚಿಡುತ್ತಿದ್ದವು. ಯಂತ್ರವನ್ನು 'ಶುಚಿಗೊಳಿಸುವ' ಉತ್ಸಾಹದಲ್ಲಿ ಆ ಫೋಲ್ಡರನ್ನು ಬರಿದುಮಾಡಿದವರು, ಕಳ್ಳನು ಹಿತ್ತಲಿನಲ್ಲಿ ಹೂತಿಟ್ಟ ಸೊತ್ತನ್ನು ತಾವೇ ಹೊರಗೆಸೆದಂತಾಗುತ್ತಿತ್ತು.

೫

ನಮ್ಮ ವಿಭಾಗದ ಯಂತ್ರದಲ್ಲಿ ಕಂಡದ್ದು ಇವುಗಳಲ್ಲಿ ಯಾವುದೂ ಅಲ್ಲ. ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದದ್ದು ಅದು. ಟಾಸ್ಕ್‌ಬಾರ್ ಇತ್ತು, ರೀಸೈಕಲ್ ಬಿನ್ ಇತ್ತು. ಆದರೆ ಹಿನ್ನೆಲೆಯ ಚಿತ್ರ ಬದಲಾಗಿತ್ತು, ಯಂತ್ರವನ್ನು ಆಗತಾನೇ ಕೊಂಡುತಂದಂತೆ ಡೆಸ್ಕ್‌ಟಾಪ್ ಹೊಚ್ಚಹೊಸದಾಗಿತ್ತು.

ವಿಂಡೋಸ್ ವ್ಯವಸ್ಥೆಯು ಪ್ರತಿಯೊಬ್ಬ ಬಳಕೆದಾರನ ವಿಷಯಗಳನ್ನೂ ಪ್ರೊಫೈಲ್ ಎಂಬ ಒಂದು ಕಟ್ಟಿನಲ್ಲಿ ಇಡುತ್ತದೆ. ಆ ಕಟ್ಟನ್ನು ಬಿಚ್ಚಲು ಬೇಕಾದ ದಾಖಲೆ ಕೆಟ್ಟರೆ, ಉದಾಹರಣೆಗೆ ಅದನ್ನು ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ, ವ್ಯವಸ್ಥೆಗೆ ಮೂಲ ಪ್ರೊಫೈಲನ್ನು ತೆರೆಯಲಾಗುವುದಿಲ್ಲ. ಆಗ ವಿಂಡೋಸ್ ೭ ತಾತ್ಕಾಲಿಕ ಪ್ರೊಫೈಲೊಂದನ್ನು ಸೃಷ್ಟಿಸಿ ಬಳಕೆದಾರನನ್ನು ಅದರೊಳಗೆ ಕೂರಿಸುತ್ತದೆ. ಮೂಲ ಕಡತಗಳು ತಮ್ಮ ಫೋಲ್ಡರಿನಲ್ಲಿಯೇ ಇರುತ್ತವೆ. ನಾವು ಮಾತ್ರ ಬೇರೆ ಕೋಣೆಯಲ್ಲಿ ಕುಳಿತು ನಮ್ಮ ಪುಸ್ತಕಗಳನ್ನು ಹುಡುಕುತ್ತಿರುತ್ತೇವೆ. ಈ ಸಂಗತಿಯನ್ನು ತಿಳಿಸುವ ಚಿಕ್ಕ ಸೂಚನೆಯೊಂದು ಪರದೆಯ ಬಲಮೂಲೆಯಲ್ಲಿ ಮೂಡುತ್ತದೆ. ಈ ಪ್ರೊಫೈಲಿನಲ್ಲಿ ಮಾಡಿದ ಕಡತಗಳು ಲಾಗ್ ಆಫ್ ಮಾಡಿದಾಗ ಅಳಿಸಿಹೋಗುತ್ತವೆ ಎಂಬುದನ್ನೂ ಅದು ಹೇಳುತ್ತದೆ.

ನಮ್ಮ ವಿದ್ಯಾರ್ಥಿ ಆ ಸೂಚನೆಯನ್ನು ಓದದೆ ಮುಚ್ಚಿದ್ದರು. ಹಳೆಯದೆಲ್ಲ ಹೋಯಿತೆಂದು ಭಾವಿಸಿ, ಇದ್ದ ಪಡಿಯಚ್ಚುಗಳನ್ನು ಹರಡಿಕೊಂಡು ಅಂದೇ ಮತ್ತೆ ಮೊದಲಿನಿಂದ ಬೆರಳಚ್ಚಿಸಲು ಆರಂಭಿಸಿದರು. ಸಂಜೆಯವರೆಗೆ ಹದಿನಾಲ್ಕು ಶಾಸನಗಳ ಪಾಠವನ್ನು ಮುಗಿಸಿ, ಡೆಸ್ಕ್‌ಟಾಪಿನಲ್ಲಿ ಉಳಿಸಿ, ಲಾಗ್ ಆಫ್ ಮಾಡಿ ಹೋದರು. ಮರುದಿನ ಆ ಹದಿನಾಲ್ಕೂ ಇರಲಿಲ್ಲ. ಅವರ ಮುಖವನ್ನು ನೋಡಿದ ನಾವು ಯಂತ್ರವನ್ನು ದುರಸ್ತಿಗೆ ಕೊಡದೆ ಯೂಸರ್ಸ್ ಫೋಲ್ಡರನ್ನು ತೆರೆದು ನೋಡಿದೆವು. ಅವರ ಹೆಸರಿನ ಹಳೆಯ ಫೋಲ್ಡರಿನೊಳಗೆ ನಾಲ್ಕು ವರ್ಷಗಳ ಕಡತಗಳು ಒಂದೂ ಕುಂದದೆ ಇದ್ದವು. ಅದರ ಪಕ್ಕದಲ್ಲಿಯೇ ಟೆಂಪ್ ಎಂಬ ಹೆಸರಿನ ಹೊಸ ಫೋಲ್ಡರಿತ್ತು. ಅದೇ ಆ 'ಬೇರೆ ಕೋಣೆ'.

ಪರಿಹಾರ ಕಠಿಣವೇನಲ್ಲ. ಒಮ್ಮೆ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಕೆಲವು ವೇಳೆ ಮೂಲ ಪ್ರೊಫೈಲ್ ತಾನಾಗಿ ತೆರೆಯುತ್ತದೆ. ನಮ್ಮಲ್ಲಿ ಹಾಗಾಗಲಿಲ್ಲ. ಆಗ ಕಡತಗಳ ಪ್ರತಿ ಮಾಡಿಕೊಂಡು, ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು, ಅವುಗಳನ್ನು ಅದರೊಳಗೆ ಸೇರಿಸಿದೆವು. ನಾಲ್ಕು ವರ್ಷಗಳ ದುಡಿಮೆ ಉಳಿಯಿತು. ಅಳಿದದ್ದು ಒಂದು ದಿನದ ದುಡಿಮೆ. ಅದೂ ಯಂತ್ರದ ದೋಷದಿಂದಲ್ಲ, ಹಳೆಯದು ಅಳಿದಿದೆಯೆಂದು ಪರೀಕ್ಷಿಸದೆ ನಂಬಿದ್ದರಿಂದ.

೬

ಮಾಡಬಾರದ ಕೆಲಸಗಳನ್ನೂ ಇಲ್ಲಿ ಹೇಳುವುದು ಯುಕ್ತ. ಕಡತಗಳ ಪ್ರತಿ ಕೈಗೆ ಬರುವವರೆಗೆ ಫಾರ್ಮ್ಯಾಟ್ ಮಾಡಿಸುವ ಮಾತಿಗೆ ಒಪ್ಪಕೂಡದು. ಡೆಸ್ಕ್‌ಟಾಪ್ ಫೋಲ್ಡರ್ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿಯೇ ಇರುವುದರಿಂದ, ವ್ಯವಸ್ಥೆಯನ್ನು ಹೊಸದಾಗಿ ಹಾಕುವವರು ಮೊದಲು ಅಳಿಸುವುದು ಅದನ್ನೇ. ಕಡತಗಳು ನಿಜವಾಗಿಯೂ ಅಳಿಸಿಹೋಗಿವೆಯೆಂದು ತೋರಿದರೆ ಮೊದಲು ರೀಸೈಕಲ್ ಬಿನ್ನನ್ನು ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ಆ ಯಂತ್ರದಲ್ಲಿ ಏನನ್ನೂ ಬರೆಯದೆ, ಹೊಸ ತಂತ್ರಾಂಶವನ್ನು ಹಾಕದೆ, ಕೂಡಲೇ ನಿಲ್ಲಿಸಬೇಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತದ ಅಂಶಗಳು, ಅದೇ ಜಾಗದಲ್ಲಿ ಬೇರೊಂದು ಬರೆಹ ಬೀಳುವವರೆಗೆ ಉಳಿದಿರುತ್ತವೆ. ತಜ್ಞರು ಅವನ್ನು ಮರಳಿ ಪಡೆಯಬಹುದು. ಡಿಸ್ಕಿನಿಂದ ಟಕಟಕ ಶಬ್ದ ಬರುತ್ತಿದ್ದರೆ ಅದನ್ನು ಓಡಿಸುತ್ತಲೇ ಇರುವುದು ಇನ್ನೂ ಹಾನಿಕರ.

ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದೂ ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದೂ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ರಕ್ಷಣೆ ಮುಗಿದಿದೆ. ಆದಕಾರಣ ಇಂಥ ಯಂತ್ರಗಳನ್ನು ಹಳೆಯ ಕಡತಗಳನ್ನು ಓದುವ ಕೆಲಸಕ್ಕೆ ಮಾತ್ರ ಉಳಿಸಿಕೊಂಡು, ಅಂತರ್ಜಾಲದ ಸಂಪರ್ಕದಿಂದ ದೂರವಿಡುವುದು ಕ್ಷೇಮ. ಅವುಗಳಲ್ಲಿರುವ ಹಳೆಯ ಫಾಂಟುಗಳ ಪಠ್ಯವನ್ನು, ಯಂತ್ರ ನಡೆಯುತ್ತಿರುವಾಗಲೇ, ಯೂನಿಕೋಡಿಗೆ ಪರಿವರ್ತಿಸಿ ಇನ್ನೊಂದೆಡೆ ಇಡಬೇಕು.

ನಮ್ಮ ವಿಭಾಗದಲ್ಲಿ ಆ ದಿನದಿಂದ ಒಂದು ನಿಯಮವನ್ನು ಅನುಸರಿಸುತ್ತಿದ್ದೇವೆ. ಡೆಸ್ಕ್‌ಟಾಪಿನ ಮೇಲೆ ಶಾರ್ಟ್‌ಕಟ್ ಮಾತ್ರ ಇರತಕ್ಕದ್ದು. ಕಡತ ಬೇರೆಡೆ ಇರತಕ್ಕದ್ದು. ಅದರ ಒಂದು ಪ್ರತಿ ಬೇರೊಂದು ಡಿಸ್ಕಿನಲ್ಲಿರತಕ್ಕದ್ದು. ಯಾವ ಕಡತ ಎಲ್ಲಿದೆ ಎಂಬುದನ್ನು ಯಂತ್ರದ ಪಕ್ಕದ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆದಿಡುತ್ತೇವೆ. ಅದರ ಮೊದಲ ಪುಟದಲ್ಲಿ ಆ ವಿದ್ಯಾರ್ಥಿ ಎರಡನೆಯ ಸಲ ಓದಿ, ಮೂರನೆಯ ಸಲ ಬೆರಳಚ್ಚಿಸಿದ ಹದಿನಾಲ್ಕು ಶಾಸನಗಳ ಪಟ್ಟಿಯಿದೆ. ಹಾಗೆ ಮತ್ತೆ ಓದುವಾಗ ಎರಡು ಶಾಸನಗಳಲ್ಲಿ ತಮ್ಮ ಹಿಂದಿನ ಪಾಠ ತಪ್ಪಾಗಿದ್ದುದು ಅವರಿಗೆ ತಿಳಿದುಬಂತು. ಆ ಎರಡು ಸಂಖ್ಯೆಗಳ ಕೆಳಗೆ ಗೆರೆ ಎಳೆದಿದ್ದಾರೆ.